ಮೂರನೇ ಡಬ್ಬಿ ತರುವ ಮುಂಚೆ

ಮಗು ಅತ್ತರೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೊಳೆಯುತ್ತದೆ. ಅಜ್ಜಿಗೆ ದೃಷ್ಟಿ, ಪಕ್ಕದ ಮನೆಯವರಿಗೆ ಹೊಟ್ಟೆನೋವು, ಅಪ್ಪನಿಗೆ ಹಾಲಿನ ಪುಡಿಯ ಕಂಪನಿ. ತಾಯಿಗೆ ಮಾತ್ರ ಎಲ್ಲ ತನ್ನದೇ ತಪ್ಪು ಅನ್ನಿಸುತ್ತದೆ.

ನಾನು ಹನುಮಕ್ಕ, ಶ್ರೀರಾಂಪುರದವಳು. ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸು. ಇಂಥ ಅಳು ಎಷ್ಟು ಕೇಳಿದ್ದೇನೋ ಲೆಕ್ಕವಿಲ್ಲ. ಆದರೂ ಹೋದ ವರ್ಷ, ತೊಂಬತ್ತೆಂಟರಲ್ಲಿ, ಮಲ್ಲೇಶ್ವರದ ಒಂದು ಮನೆಯಲ್ಲಿ ನಾನೂ ಏಮಾರಿದೆ. ನಾಚಿಕೆಯಾದರೂ ಸರಿ, ಮುಚ್ಚಿಡದೆ ಹೇಳುತ್ತೇನೆ.

ಹದಿನೈದನೇ ಕ್ರಾಸಿನ ಜಾನಕಮ್ಮನವರ ಮೊಮ್ಮಗ ಅಭಿರಾಮನಿಗೆ ಆಗ ಏಳು ವಾರ. ಅವನ ತಾಯಿ ಮೈತ್ರೇಯಿಗೆ ಹೆರಿಗೆಯಲ್ಲಿ ರಕ್ತ ತುಂಬ ಹೋಗಿ ಜೀವ ಉಳಿದದ್ದೇ ಹೆಚ್ಚು. ಎದೆಹಾಲು ಬರುತ್ತಿತ್ತು, ಮಗುವಿಗೆ ಸಾಲುತ್ತಿರಲಿಲ್ಲ. ಎಷ್ಟು ಬರುತ್ತೋ ಅಷ್ಟು ಮೊದಲು ಕುಡಿಸಿ, ಆಮೇಲೆ ಡಬ್ಬಿ ಹಾಲು ಕೊಡಿ ಎಂದು ಡಾಕ್ಟರೇ ಬರೆದುಕೊಟ್ಟಿದ್ದರು. ತಂದದ್ದು ಒಂದು ಹಳದಿ ಡಬ್ಬಿ. ಮಗು ಚೆನ್ನಾಗಿಯೇ ಬೆಳೆಯುತ್ತಿತ್ತು.

ಒಂದು ದಿನ ಮಗು ಹಸಿರಾಗಿ ಕಕ್ಕ ಮಾಡಿತು. ಅಷ್ಟೇ ಸಾಕಾಯಿತು. ಪಕ್ಕದ ಮನೆಯ ಪಿಳ್ಳಮ್ಮ ಕಾಂಪೌಂಡಿನ ಆಚೆಯಿಂದಲೇ ತೀರ್ಪು ಕೊಟ್ಟರು: "ಆ ಹಳದಿ ಡಬ್ಬಿ ಮೊದ್ಲು ಬಿಸಾಕಿ ಜಾನಕಮ್ಮೋರೆ. ನಮ್ ಮೊಮ್ಮಗೀಗೆ ನೀಲಿ ಡಬ್ಬಿ. ನೋಡಿ, ಎತ್ಕೊಂಡ್ರೆ ಸೊಂಟ ಬಿದ್ದೋಗ್ತದೆ!" ಅದೇ ಸಂಜೆ ನೀಲಿ ಡಬ್ಬಿ ಮನೆಗೆ ಬಂತು. ಡಾಕ್ಟರನ್ನು ಯಾರೂ ಕೇಳಲಿಲ್ಲ.

ಅದಾಗಿ ಒಂಬತ್ತು ದಿನಕ್ಕೆ ನಾನು ಪೋಲಿಯೋ ಹನಿಯ ದಿನ ನೆನಪಿಸಲು ಆ ಮನೆಗೆ ಹೋಗಿದ್ದೆ. ಡಬ್ಬಿ ಬದಲಾಯಿಸಿದ್ದು ಹೇಳಿದರು. "ಡಾಕ್ಟ್ರಿಗೆ ತಿಳಿಸಿದ್ರಾ?" ಅಂದೆ. "ಹೇಳಿದ್ರಾಯ್ತು ಬಿಡಿ, ಮೊದ್ಲು ಕಾಫಿ ಕುಡೀರಿ" ಅಂದರು ಜಾನಕಮ್ಮ. ಮಗು ಒಳಗೆ ಅಳುತ್ತಿತ್ತು. ಕಾಫಿ ಬಂತು. ಅಂಥ ಗಟ್ಟಿ ಡಿಕಾಕ್ಷನ್ ಆ ಮನೆಯಲ್ಲಿ ನಾನು ಹಿಂದೆಂದೂ ಕುಡಿದಿರಲಿಲ್ಲ. "ಏನ್ ಜಾನಕಮ್ಮೋರೆ, ಪುಡಿ ಅಂಗಡಿ ಬದಲಾಯ್ಸಿದ್ರಾ?" ಎಂದು ಹೊಗಳಿ, ಲೋಟ ಇಟ್ಟು ಎದ್ದು ಬಂದೆ. ಮಗು ಯಾಕೆ ಅಳುತ್ತಿದೆ ಎಂದು ಒಳಗೆ ಹೋಗಿ ನೋಡಲಿಲ್ಲ.

ಮತ್ತೆ ಹತ್ತು ದಿನಕ್ಕೆ ಅತ್ತೆ ಸೊಸೆ ಇಬ್ಬರೂ ಮಗುವಿಗೆ ಇಂಜೆಕ್ಷನ್ ಹಾಕಿಸಲು ಆಸ್ಪತ್ರೆಗೆ ಬಂದರು. ತೂಕದ ತಟ್ಟೆಯಲ್ಲಿ ಮಲಗಿಸಿದೆ. ಒಂದೂವರೆ ತಿಂಗಳಿಗೆ ನಾಲ್ಕು ಕಿಲೋ ಇನ್ನೂರು ಗ್ರಾಂ ಇದ್ದ ಮಗು ಈಗ ನಾಲ್ಕು ಕಿಲೋ ನೂರು. ಮುಳ್ಳು ಸರಿಯಿಲ್ಲವೇನೋ ಎಂದು ಇನ್ನೊಮ್ಮೆ ತೂಗಿದೆ. ಅಷ್ಟೇ ಬಂತು. ಬೆಳೆಯುವ ಮಗು ಒಂದು ತಿಂಗಳಲ್ಲಿ ಇಳಿದಿದೆ ಎಂದರೆ ಹುಡುಗಾಟವಲ್ಲ. ಡಾಕ್ಟರ್ ಮಗುವನ್ನು ಪೂರ್ತಿ ಪರೀಕ್ಷೆ ಮಾಡಿ, "ಜ್ವರ ಇಲ್ಲ, ಭೇದಿ ಇಲ್ಲ. ನಾಳೆ ಬೆಳಗ್ಗೆ ಮತ್ತೆ ಕರ್ಕೊಂಡು ಬನ್ನಿ" ಎಂದರು. ನನ್ನನ್ನು ಪಕ್ಕಕ್ಕೆ ಕರೆದು, "ಹನುಮಕ್ಕ, ಇವತ್ತೇ ಅವ್ರ ಮನೆಗೆ ಹೋಗಿ. ಹಾಲು ಹೇಗೆ ಕಲಸ್ತಾರೆ, ನಿಂತ್ಕೊಂಡು ನೋಡಿ ಬನ್ನಿ" ಎಂದರು.

ಸಂಜೆ ಐದಕ್ಕೆ ಹೋದರೆ ಮನೆಯಲ್ಲಿ ಯಾರೂ ಕೂತಿರಲಿಲ್ಲ. ಮೈತ್ರೇಯಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಹಜಾರದ ಉದ್ದಕ್ಕೂ ಓಡಾಡುತ್ತಿದ್ದಳು. ಜಾನಕಮ್ಮ ಅಡುಗೆಮನೆಗೂ ದೇವರಮನೆಗೂ ಸುತ್ತುತ್ತಿದ್ದರು. ಮಗುವಿನ ಅಪ್ಪ ವರದರಾಜ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದ. ಅವನು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್.

"ಹನುಮಕ್ಕ, ನಾನು ಸಂಪಿಗೆ ರೋಡಿಗೆ ಹೊರಟಿದೀನಿ" ಎಂದ. "ಈ ನೀಲಿ ಡಬ್ಬಿನೂ ಇವನಿಗೆ ಒಗ್ಗಿಲ್ಲ. ಮೆಡಿಕಲ್ ಸ್ಟೋರಿನೋನು ಸೋಯಾದು ಒಂದಿದೆ ಅಂದ. ತಂದ್ಬಿಡ್ತೀನಿ."

"ಸ್ವಲ್ಪ ತಡೀರಿ ಸ್ವಾಮಿ."

"ಎಷ್ಟು ಅಂತ ತಡೆಯೋದು? ತೂಕ ಇಳಿದಿದೆ ಅಂತ ನೀವೇ ಹೇಳಿದ್ರಂತೆ!"

"ಹೌದು, ನಾನೇ ಹೇಳಿದ್ದು. ಮಗು ಉಚ್ಚೆ ಸರಿಯಾಗಿ ಮಾಡುತ್ತಾ?"

"ಬಟ್ಟೆ ಬದಲಾಯ್ಸಿ ಬದಲಾಯ್ಸಿ ಸಾಕಾಗಿದೆ" ಎಂದರು ಜಾನಕಮ್ಮ. "ಕುಡಿಯುತ್ತೆ, ಉಚ್ಚೆ ಹೊಯ್ಯುತ್ತೆ, ಮತ್ತೆ ಅಳುತ್ತೆ. ದೃಷ್ಟಿನೂ ತೆಗೆದಾಯ್ತು."

ಮೈತ್ರೇಯಿ ಓಡಾಟ ನಿಲ್ಲಿಸಲಿಲ್ಲ. ನಡೆಯುತ್ತಲೇ ಹೇಳಿದಳು: "ನನ್ನ ಹಾಲೂ ಸಾಲ್ಲಿಲ್ಲ. ಡಬ್ಬಿ ಹಾಲೂ ಒಗ್ತಿಲ್ಲ. ನನ್ನ ಹೊಟ್ಟೇಲಿ ಹುಟ್ಟಿ ಇವನಿಗೆ ಏನು ಸುಖ ಸಿಕ್ತು ಹೇಳಿ." ಆ ಹುಡುಗಿಯ ಮುಖ ನೋಡಲಾಗಲಿಲ್ಲ. ಕಾಫಿ ಹೊಗಳಿ ಎದ್ದುಹೋದ ನನ್ನನ್ನು ನಾನೇ ಬೈದುಕೊಂಡೆ.

"ಹಾಗನ್ಬೇಡಮ್ಮ. ಇರೋ ಹಾಲನ್ನ ನೀನು ಕುಡಿಸ್ತಿದೀಯಲ್ಲ, ಅದನ್ನ ನಿಲ್ಲಿಸ್ಬೇಡ" ಎಂದೆ. "ಜಾನಕಮ್ಮೋರೆ, ಈಗ ಹಾಲು ಕೊಡೋ ಹೊತ್ತಲ್ವಾ? ನನ್ನೆದುರಿಗೆ ಕಲಸಿ. ದಿನಾ ಹೇಗೆ ಮಾಡ್ತೀರೋ ಹಾಗೇ."

"ಇದೇನು, ನನಗೆ ಪರೀಕ್ಷೆನಾ?" ಜಾನಕಮ್ಮನವರಿಗೆ ಸ್ವಲ್ಪ ಕೋಪ ಬಂತು. ಆದರೂ ಕೈ ತೊಳೆದು ಒಲೆಯ ಹತ್ತಿರ ಹೋದರು.

ಅವರ ಶುಚಿಗೆ ನಾನು ಕೈ ಮುಗಿಯಬೇಕು. ನೀರು ಕುದಿಸಿ ಆರಿಸಿಟ್ಟಿದ್ದರು. ಹಾಲು ಕುಡಿಸುವ ಬೆಳ್ಳಿ ಒಳಲೆಯನ್ನು ಬಿಸಿನೀರಲ್ಲಿ ಕುದಿಸಿದ್ದರು. ನೀರು ಅಳೆಯಲು ಒಂದು ಗಾಜಿನ ಬೀಕರು. ವರದರಾಜನೇ ಹೊಸದಾಗಿ ಕೊಂಡು ತಂದದ್ದು. ಅರವತ್ತು ಮಿಲಿಯ ಗೆರೆಗೆ ಕಣ್ಣು ಸಮ ಹಿಡಿದು ನೀರು ತುಂಬಿದರು. ಆಮೇಲೆ ಕಪಾಟಿನಿಂದ ಸ್ಟೀಲಿನ ಡಬ್ಬ ತೆಗೆದು, ಒಳಗಿದ್ದ ಪುಟ್ಟ ಬಿಳಿ ಚಮಚದಿಂದ ಒಂದೇ ಒಂದು ಚಮಚ ಪುಡಿ ಹಾಕಿ ಕಲಸಿದರು. ಹಾಲು ಅಕ್ಕಿ ತೊಳೆದ ನೀರಿನಂತೆ ಕಂಡಿತು.

"ನೀಲಿ ಡಬ್ಬಿ ಎಲ್ಲಿ?" ಕೇಳಿದೆ.

"ಪುಡಿ ಇದ್ರಲ್ಲೇ ಇದೆಯಲ್ಲ. ಅಂಗಡಿ ಡಬ್ಬೀಲಿ ಯಾರಿಡ್ತಾರೆ? ಹಳೇ ಪುಡಿ ಇದ್ದಿದ್ದೂ ಇದೇ ಡಬ್ಬದಲ್ಲೇ. ತೊಳೆದು ಒಣಗಿಸಿ ಇದನ್ನ ಸುರ್ಕೊಂಡೆ."

ಆ ಮನೆಯಲ್ಲಿ ಅಂಗಡಿಯಿಂದ ಬಂದ ಯಾವುದೂ ಅಂಗಡಿಯ ಡಬ್ಬಿಯಲ್ಲಿ ಒಂದು ದಿನವೂ ಉಳಿಯುವುದಿಲ್ಲ. ಬೇಳೆ, ಸಕ್ಕರೆ, ಬಿಸ್ಕತ್ತು, ಎಲ್ಲವೂ ಸ್ಟೀಲಿನ ಡಬ್ಬಕ್ಕೆ. ನಮ್ಮ ಕಡೆ ಎಷ್ಟೋ ಮನೆಗಳ ಪದ್ಧತಿ ಇದು, ತಪ್ಪೇನಲ್ಲ. ನೀಲಿ ಡಬ್ಬಿಯನ್ನು ಹುಡುಕಿಕೊಂಡು ಹಿತ್ತಿಲಿಗೆ ಹೋದೆ. ಕಾಂಪೌಂಡ್ ಗೋಡೆಯ ಮೇಲೆ ಇತ್ತು. ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಮಣ್ಣು ತುಂಬಿ, ದೊಡ್ಡಪತ್ರೆ ನೆಟ್ಟಿದ್ದರು. ಮಣ್ಣು ಒರೆಸಿ ಓದಿದೆ. ಅರವತ್ತು ಮಿಲಿ ನೀರಿಗೆ ಒಂದು ಚಮಚ. ಈ ಡಬ್ಬಿಯ ಒಳಗಿರುವ ಚಮಚದಿಂದ ಮಾತ್ರ ಅಳೆಯಿರಿ.

"ನಾನೂ ಅದೇ ಓದಿದ್ದು" ಎಂದ ಹಿಂದೆಯೇ ಬಂದ ವರದರಾಜ. "ಅರವತ್ತಕ್ಕೆ ಒಂದು ಅಂತ ಅಮ್ಮನಿಗೆ ಹೇಳಿ ಕಾಲೇಜಿಗೆ ಹೋದೆ."

"ಹಳದಿ ಡಬ್ಬೀಲಿ ಎಷ್ಟಿತ್ತು?"

"ಮೂವತ್ತಕ್ಕೆ ಒಂದು. ಯಾಕೆ?"

"ಅಮ್ಮನ ಕೈಲಿರೋ ಚಮಚ ಯಾವ ಡಬ್ಬೀದು?"

ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದ ತಾಯಿಯ ಮುಖವನ್ನು ವರದರಾಜ ನೋಡಿದ. "ಹಳದಿದೇ ಕಣೋ" ಎಂದರು ಜಾನಕಮ್ಮ. "ಡಬ್ಬದಲ್ಲಿ ಮೊದಲೇ ಒಂದಿತ್ತು. ಎರಡೆರಡು ಯಾಕೆ? ಹೊಸದು ದೊಡ್ಡದಾಗಿತ್ತು, ಗಟ್ಟಿಯಾಗಿತ್ತು..."

"ಹೊಸದು ಎಲ್ಲಮ್ಮ?" ಎಂದ ವರದರಾಜ.

ಜಾನಕಮ್ಮ ಅಡುಗೆಮನೆಗೆ ಹೋದರು, ನಾನೂ ಹಿಂದೆಯೇ ಹೋದೆ. ಕಾಫಿಪುಡಿಯ ಡಬ್ಬ ತೆಗೆದು ಮುಚ್ಚಳ ಬಿಚ್ಚಿದರು. ಪುಡಿಯ ಮೇಲೆ ಒಂದು ದೊಡ್ಡ ನೀಲಿ ಚಮಚ ಕೂತಿತ್ತು.

ಅವತ್ತಿನ ಗಟ್ಟಿ ಕಾಫಿ ನನ್ನ ನೆನಪಿಗೆ ಬಂತು. ಉತ್ತರವನ್ನು ನನ್ನ ಕೈಗೇ ಲೋಟದಲ್ಲಿ ಕೊಟ್ಟಿದ್ದರು, ನಾನು ಊದಿ ಊದಿ ಕುಡಿದು ಬಂದಿದ್ದೆ.

ವರದರಾಜ ಚಪ್ಪಲಿ ಬಿಟ್ಟು ಒಳಗೆ ಬಂದ. ದೊಡ್ಡ ಚಮಚ ತೊಳೆದು ಒರೆಸಿದ. ಚಿಕ್ಕ ಚಮಚದಿಂದ ಹಾಲಿನ ಪುಡಿ ತೆಗೆದು ಅದಕ್ಕೆ ಸುರಿದ. ಅರ್ಧಕ್ಕೆ ಬಂತು. ಇನ್ನೊಂದು ಸುರಿದ. ಆಗ ತುಂಬಿತು. "ಎರಡು" ಎಂದ. ಆಮೇಲೆ ತಲೆ ಚಚ್ಚಿಕೊಂಡ. "ದಿನಾ ಹುಡುಗರಿಗೆ ಮಿಲಿ ಮಿಲಿ ಅಳೆದುಕೊಡ್ತೀನಿ. ಮನೇಲಿ ನನ್ನ ಮಗನಿಗೆ ಅರ್ಧ ನೀರು ಕುಡಿಸಿದೀನಿ!"

"ಹತ್ತೊಂಬತ್ತು ದಿನ" ಎಂದರು ಜಾನಕಮ್ಮ. ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಹತ್ತೊಂಬತ್ತು ದಿನ ಮಗು ಹಸಿವು ಹಸಿವು ಅಂತ ಅತ್ತಿದೆ. ನಾನು ಉಪ್ಪು ಮೆಣಸಿನಕಾಯಿ ನಿವಾಳಿಸ್ತಾ ಕೂತೆ."

ಸೊಸೆ ಏನಾದರೂ ಅನ್ನುತ್ತಾಳೆಂದು ನಾನು ಕಾದೆ. ಅಂದಿದ್ದರೂ ತಪ್ಪಿರಲಿಲ್ಲ. ಅವಳು ಮೊದಲ ಸಲ ನಿಂತಳು, ಮಗುವನ್ನು ಅತ್ತೆಯ ಮಡಿಲಿಗೆ ಹಾಕಿದಳು. "ಅತ್ತೆ, ಎತ್ಕೊಂಡಿರಿ. ನಾನು ಹಾಲು ಕಲಸ್ತೀನಿ" ಎಂದಳು.

ನೀಲಿ ಚಮಚವನ್ನು ಕುದಿಯುವ ನೀರಲ್ಲಿ ಹಾಕಿ ಒಣಗಿಸಿದೆವು. ಮೊದಲು ನೀರು, ಆಮೇಲೆ ಪುಡಿ. ಒತ್ತಿ ತುಂಬಬಾರದು, ಗುಡ್ಡೆ ಮಾಡಬಾರದು, ಶುದ್ಧವಾದ ಚಾಕುವಿನ ಬೆನ್ನಿನಿಂದ ಮಟ್ಟ ಮಾಡಬೇಕು. ಜಾನಕಮ್ಮ ಕೂತಲ್ಲಿಂದಲೇ, "ಪಾಪ, ಹಸಿದಿದೆ, ಅರ್ಧ ಚಮಚ ಜಾಸ್ತಿ ಹಾಕೇ" ಎಂದರು. "ಬೇಡ" ಎಂದೆ ಗಟ್ಟಿಯಾಗಿ. "ನೀರಾದ್ರೂ ಕಷ್ಟ, ಗಟ್ಟಿಯಾದ್ರೂ ಕಷ್ಟ. ಮಗೂಗೆ ಮಲ ಕಟ್ಟುತ್ತೆ, ಮೈಯಲ್ಲಿ ನೀರು ಸಾಲೋದಿಲ್ಲ. ಡಬ್ಬಿ ಮೇಲೆ ಬರೆದಷ್ಟೇ."

"ಹಾಗಾದ್ರೆ ಸೋಯಾ ಡಬ್ಬಿ?" ಎಂದ ವರದರಾಜ.

"ಡಾಕ್ಟ್ರು ಬರೆದುಕೊಟ್ರೆ ತನ್ನಿ. ಮಲದಲ್ಲಿ ರಕ್ತ ಬಂದ್ರೆ, ಬಿಡದೆ ವಾಂತಿ ಆದ್ರೆ, ಮೈಯೆಲ್ಲ ದದ್ದು ಎದ್ರೆ, ತೂಕ ಏರದೇ ಇದ್ರೆ ಆಸ್ಪತ್ರೆಗೆ ಓಡಿ ಬನ್ನಿ. ಬದಲಾಯಿಸ್ಬೇಕಾ, ಯಾವುದಕ್ಕೆ, ಅವ್ರು ಹೇಳ್ತಾರೆ. ಚೆನ್ನಾಗಿ ಬೆಳೀತಿರೋ ಮಗು ಹಸಿರಾಗಿ ಕಕ್ಕ ಮಾಡ್ತು ಅಂತ ಡಬ್ಬಿ ಬದಲಾಯ್ಸೋದಲ್ಲ."

ಅಭಿರಾಮ ಒಳಲೆಯ ಮೂತಿ ಬಿಡಲಿಲ್ಲ. ಕೊನೆಗೆ ತುಟಿಯಂಚಿನಲ್ಲಿ ಹಾಲು ಇಟ್ಟುಕೊಂಡೇ ಅಜ್ಜಿಯ ಮಡಿಲಲ್ಲಿ ನಿದ್ದೆ ಹೋದ. ಮನೆ ಸುಮ್ಮನಾಯಿತು. ಯಾರಿಗೂ ಎದ್ದು ಓಡಾಡುವ ಧೈರ್ಯ ಬರಲಿಲ್ಲ.

ಮಾರನೆಯ ದಿನ ಡಾಕ್ಟರು ಮತ್ತೆ ನೋಡಿ, ಇದೇ ಡಬ್ಬಿ ಸರಿಯಾದ ಅಳತೆಯಲ್ಲಿ ಮುಂದುವರಿಯಲಿ ಎಂದರು. ಒಂದು ವಾರಕ್ಕೆ ತೂಗಿದೆವು. ನಾಲ್ಕು ಕಿಲೋ ಮುನ್ನೂರೈವತ್ತು. ಅವತ್ತು ಸಂಜೆ ಜಾನಕಮ್ಮ ಬಲವಂತವಾಗಿ ಮನೆಗೆ ಕರೆದೊಯ್ದು ಕಾಫಿ ಕೊಟ್ಟರು. ನೀರು ನೀರಾಗಿತ್ತು. ಅಷ್ಟು ರುಚಿಯಾದ ಕಾಫಿಯನ್ನು ನಾನು ಆ ಮನೆಯಲ್ಲಿ ಕುಡಿದದ್ದೇ ಇಲ್ಲ.

ಅಮ್ಮಂದಿರೇ, ಅಜ್ಜಿಯರೇ, ಅಪ್ಪಂದಿರೇ, ಎದೆಹಾಲಿಗೆ ಸಮನಾದದ್ದು ಯಾವ ಡಬ್ಬಿಯಲ್ಲೂ ಇಲ್ಲ. ಡಾಕ್ಟರು ಹೇಳಿ ಡಬ್ಬಿ ಹಾಲು ಕೊಡಲೇಬೇಕಾಗಿ ಬಂದರೆ, ಪುಡಿಯನ್ನು ಅದರದೇ ಡಬ್ಬಿಯಲ್ಲಿಡಿ. ಒಂದು ಡಬ್ಬಿಯ ಚಮಚ ಇನ್ನೊಂದಕ್ಕೆ ಆಗುವುದಿಲ್ಲ. ಮಗು ಕುಡಿದು ಮಿಕ್ಕಿದ ಹಾಲನ್ನು ಚೆಲ್ಲಿಬಿಡಿ. ಪಕ್ಕದ ಮನೆಯವರು, ಅಂಗಡಿಯವರು ಹೇಳಿದರೆಂದು ಡಬ್ಬಿ ಬದಲಾಯಿಸಬೇಡಿ. ಮೊದಲು ಮಗುವನ್ನು ತೂಗಿಸಿ, ಡಾಕ್ಟರನ್ನು ಕೇಳಿ.

ಈಗ ಈ ಕಾಗದ ಕೆಳಗಿಟ್ಟು ಅಡುಗೆಮನೆಗೆ ಹೋಗಿ. ನಿಮ್ಮ ಮಗುವಿನ ಚಮಚ ಎಲ್ಲಿದೆ, ನೋಡಿ ಬನ್ನಿ.