ಖಾರಿಯ ಪದರು

ಖಾರಿ ಬಿಸ್ಕತ್ತಿನ ಹೆಸರು ಕೇಳಿದ ಕೂಡಲೇ ಆಸ್ಪತ್ರೆಯ ಆಹಾರ ತಜ್ಞೆ ಬೇಡವೆಂದು ತಲೆಯಾಡಿಸಿದ್ದಳು. ಬರೀ ಮೈದಾ, ಕೊಬ್ಬು, ಉಪ್ಪು. ಪ್ರೋಟೀನ್ ಇದ್ದೂ ಇಲ್ಲದಷ್ಟು. ಆದರೆ ಹೊಟ್ಟೆಯ ಕ್ಯಾನ್ಸರಿನಿಂದ ಕರಗುತ್ತಿದ್ದ ಕುಮುದಾಳ ನಾಲಿಗೆ ಬೇಡುತ್ತಿದ್ದದ್ದು ಅದೊಂದನ್ನೇ. ಅದೂ ಬೇಕರಿಯದಲ್ಲ, ತಂಗಿ ನಲಿನಿ ಕೈಯಾರೆ ಲಟ್ಟಿಸಿದ್ದು.

ಅಕ್ಕನನ್ನು ಮಣಿಕೊಂಡ ಬಡಾವಣೆಯ ತನ್ನ ಫ್ಲ್ಯಾಟಿಗೆ ಕರೆತಂದಿದ್ದ ನಲಿನಿ ಕಣಕ ನಾದಿದಳು. ಅವರ ಮನೆಯಲ್ಲಿ ಖಾರಿಯನ್ನೂ ಚಿರೋಟಿಯ ಹಾಗೆಯೇ ಮಾಡುವುದು ರೂಢಿ. ತುಪ್ಪ, ಅಕ್ಕಿಹಿಟ್ಟು ತಿಕ್ಕಿ ಬೆಣ್ಣೆಯಂತಾದ ಸಾಟಿಯನ್ನು ಲಟ್ಟಿಸಿದ ಕಣಕಕ್ಕೆ ಸವರಿ, ಮಡಚಿ, ತಣ್ಣಗಾಗಲು ಬಿಟ್ಟು, ಮತ್ತೆ ಲಟ್ಟಿಸಬೇಕು. ಈ ಸಲ ಅಕ್ಕಿಹಿಟ್ಟಿನ ಬದಲು ಹುರಿಗಡಲೆ ಹಿಟ್ಟು ಹಾಕಿದಳು, ಜೊತೆಗೆ ಆಸ್ಪತ್ರೆಯವರು ಹೇಳಿದ ಪ್ರೋಟೀನ್ ಪುಡಿ. ಪದರುಗಳ ನಡುವೆ ಅಡಗಿದರೆ ಅಕ್ಕನಿಗೆ ಗೊತ್ತಾಗಲಿಕ್ಕಿಲ್ಲ. ಹಾಗಾದರೂ ಇನ್ನಷ್ಟು ದಿನ... ಆ ಮಾತನ್ನು ಅವಳು ಮನಸ್ಸಿನಲ್ಲೂ ಪೂರ್ತಿ ಮಾಡಲಿಲ್ಲ.

ಓವನ್ನಿನಲ್ಲಿ ಖಾರಿ ಉಬ್ಬಲಿಲ್ಲ. ಪುಡಿ ತೇವ ಹೀರಿ ಪದರುಗಳು ಒಂದಕ್ಕೊಂದು ಅಂಟಿ ಕೂತವು. ಆದರೂ ಒಯ್ದಳು.

ಕುಮುದಾ ಚಹಾದಲ್ಲಿ ಅದ್ದಿ ಕಚ್ಚಿದಳು. ಅಗಿಯುವುದನ್ನು ನಿಲ್ಲಿಸಿ ತಂಗಿಯ ಮುಖ ನೋಡಿದಳು.

“ಇದರಾಗೂ ಔಷಧ ತುರುಕೀಯೇನ, ನಲೂ?”

“ಶಕ್ತಿ ಬರತೈತಿ ಅಕ್ಕಾ.”

“ಹಲಗಿ ಹಂಗ ಐತಿ. ಕಿಟಕಿಗೆ ಬಡಿ, ಗಾಳಿ ತಡೀತೈತಿ.” ನಗಲು ಹೋಗಿ ಕೆಮ್ಮಿದಳು. ಆಮೇಲೆ ಮೆಲ್ಲಗೆ, “ಎಲ್ಲಾರೂ ಔಷಧಾನ ತಿನಸ್ತಾರ. ನೀನೊಬ್ಬಾಕಿ ಬರೇ ಖಾರಿ ಕೊಡತೀ ಅಂತ ತಿಳಕೊಂಡಿದ್ದೆ” ಎಂದಳು.

ನಲಿನಿ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಮತ್ತೆ ಕಣಕ ಲಟ್ಟಿಸಿ, ಬರೀ ಅಕ್ಕಿಹಿಟ್ಟಿನ ಸಾಟಿ ಸವರಿದಳು. ಮಡಚಬೇಕೆನ್ನುವಾಗ ಕೈ ನಿಂತಿತು. ಪ್ರೋಟೀನ್ ಡಬ್ಬಿ ಅಲ್ಲೇ ಎದುರಿಗಿತ್ತು. ಏನೂ ಬೆರೆಸದೆ ಮಡಚಿಬಿಟ್ಟರೆ, ಅಕ್ಕ ಉಳಿಯುವುದಿಲ್ಲವೆಂದು ತಾನೇ ಒಪ್ಪಿಕೊಂಡ ಹಾಗೆ. ಮಧ್ಯಾಹ್ನದ ಬಿಸಿಲು ಅಡುಗೆ ಕಟ್ಟೆಯ ಮೇಲೆ ಬಿದ್ದು, ಅಂಚಿನಲ್ಲಿ ತುಪ್ಪ ಹೊಳೆಯತೊಡಗಿತು. ಸಾಟಿ ಕರಗಿದರೆ ಪದರು ಕೆಡುತ್ತದೆ. ಅವಳು ಗಡಬಡಿಸಿ ಮಡಚಿದಳು.

ಖಾರಿ ಹಗುರಾಗಿ ಎದ್ದಿತು. ಕುಮುದಾ ಮೇಲಿನ ಪದರನ್ನು ಉಗುರಿನಿಂದ ಬಿಡಿಸಿ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. “ಭಾಳ ಛಲೋ ಆಗೈತಿ.” ಅರ್ಧದಷ್ಟೂ ತಿನ್ನಲಾಗಲಿಲ್ಲ, ಉಳಿದದ್ದನ್ನು ಚಹಾ ಕಪ್ಪಿನ ಬಸಿಯಲ್ಲಿಟ್ಟಳು.

ಇನ್ನೊಂದು ತುತ್ತು ತಿನ್ನು ಎಂಬ ಮಾತು ನಲಿನಿಯ ಬಾಯಿತನಕ ಬಂದಿತ್ತು. ಅವಳು ಅಕ್ಕನ ಪಕ್ಕ ಕುಳಿತು, ಆ ತುಂಡನ್ನು ಅದೇ ಚಹಾದಲ್ಲಿ ಅದ್ದಿ ತಿಂದಳು.