ಏಳನೆಯ ಬಾಟಲಿಯ ಮಬ್ಬು

ಮೇಜಿನ ಮೇಲೆ ಸಾಲಾಗಿ ನಿಂತಿದ್ದ ಬಾಟಲಿಗಳೆಲ್ಲ ಜೇನಿನಂತೆ ತಿಳಿಯಾಗಿದ್ದವು, ಒಂದನ್ನು ಬಿಟ್ಟು. ಏಳನೆಯ ಸಂಖ್ಯೆಯ ಚೀಟಿ ಹೊತ್ತಿದ್ದ ಆ ಬಾಟಲಿಯೊಳಗಿನ ವಿಸ್ಕಿ ಹಾಲಿನ ಪಾತ್ರೆ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು.

ಅದು ನನ್ನ ಹೆಂಡತಿ ಐಲ್ಸಾ ಇಳಿಸಿದ ವಿಸ್ಕಿ ಎಂದು ಆ ಸಭಾಂಗಣದಲ್ಲಿ ಬಲ್ಲವರು ಇಬ್ಬರೇ: ಅವಳು ಮತ್ತು ನಾನು. ಹಾಗೆಂದು ಬಾಯಿ ಬಿಡುವ ಹಾಗಿಲ್ಲದವರೂ ನಾವಿಬ್ಬರೇ.

"ಯಾರಪ್ಪಾ ಇದನ್ನ ತಂದಿರೋದು?" ನೆವಿಲ್ ಬಗ್ಗಿ, ಕಣ್ಣು ಕಿರಿದು ಮಾಡಿ ಬಾಟಲಿಯನ್ನು ನೋಡಿದ. "ಕುರಿ ಮೈ ತೊಳೆದ ನೀರನ್ನ ತಪ್ಪಿ ಇಲ್ಲಿಗೆ ತಂದುಬಿಟ್ರಾ?"

ಎಲ್ಲರೂ ನಕ್ಕರು. ಐಲ್ಸಾಳೂ ನಕ್ಕಳು. ಆ ನಗು ತುಟಿಯನ್ನು ದಾಟಿ ಒಳಗೆ ಹೋಗಿರಲಿಲ್ಲ ಎಂಬುದು ನನಗೆ ಮಾತ್ರ ಕಂಡಿತು.

ಸೌತ್‌ಲ್ಯಾಂಡಿನ ನಮ್ಮ ಓಟಾಮಟೆ ಕಣಿವೆಯಲ್ಲಿ ಮನೆಯಲ್ಲೇ ಭಟ್ಟಿ ಇಳಿಸುವವರ ಸಂಘವೊಂದಿದೆ. ಇಳಿಸಿದ್ದನ್ನು ಮಾರುವಂತಿಲ್ಲ, ಕುಡಿಯಬಹುದು, ಜಂಬ ಕೊಚ್ಚಿಕೊಳ್ಳಬಹುದು. ಜಂಬಕ್ಕೆಂದೇ, ಭೂಮಿಯ ದಕ್ಷಿಣದಂಚಿನ ನಮಗೆ ನಡುಚಳಿಗಾಲವಾದ ಜುಲೈ ತಿಂಗಳ ಒಂದು ಶನಿವಾರ ಮಧ್ಯಾಹ್ನ ಮೀಸಲಾಗಿದೆ. ಅಂದು ತೀರ್ಪುಗಾರರಿಲ್ಲ, ಅಂಕಗಳಿಲ್ಲ. ಪ್ರತಿಯೊಬ್ಬರೂ ಒಂದೇ ಬಗೆಯ ಬಾಟಲಿಯಲ್ಲಿ, ನೀರು ಬೆರೆಸಿ ಮದ್ಯಸಾರವನ್ನು ನೂರಕ್ಕೆ ನಲವತ್ತರ ಹದಕ್ಕೆ ಇಳಿಸಿದ ವಿಸ್ಕಿ ತರಬೇಕು. ಅಧ್ಯಕ್ಷೆ ಆಂಟಿ ಹುಯಾ ಅಡುಗೆಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ, ಯಾವುದು ಯಾರದ್ದೆಂದು ತನಗೂ ತಿಳಿಯದ ಹಾಗೆ, ಸಂಖ್ಯೆಯ ಚೀಟಿ ಅಂಟಿಸುತ್ತಾಳೆ. ಆಮೇಲೆ ಎಲ್ಲರೂ ರುಚಿ ನೋಡುತ್ತ, ಹಿಡಿಸಿದ್ದನ್ನು ಮತ್ತೆ ಮತ್ತೆ ಸುರಿದುಕೊಳ್ಳುತ್ತಾರೆ. ಅಡುಗೆಮನೆಯ ಓವನ್ನಿನಲ್ಲಿಟ್ಟ ಚೀಸ್ ರೋಲ್‌ಗಳ ತಟ್ಟೆ ಹೊರಗೆ ಬರುವ ಹೊತ್ತಿಗೆ ಯಾವ ಬಾಟಲಿ ಹೆಚ್ಚು ಖಾಲಿಯಾಗಿದೆಯೋ ಅದು ಗೆದ್ದಂತೆ. ತನ್ನ ಬಾಟಲಿಯನ್ನು ತಾನಾಗಲಿ ತನ್ನ ಮನೆಯವರಾಗಲಿ ಮುಟ್ಟಿದರೆ, ಅದರ ಪರವಾಗಿ ಒಂದು ಮಾತಾಡಿದರೆ, ಅಂಥವರು ಆಟದಿಂದ ಹೊರಗೆ.

ಗೆದ್ದವರಿಗೆ ಸಿಗುವುದು ಒಂದು ಪೀಪಾಯಿ. ಐಲ್ಸಾಳ ತಂದೆ ಹೆಕ್ಟರ್ ತನ್ನ ಕೈಯಾರೆ ಓಕ್ ಹಲಗೆಗಳನ್ನು ಬಗ್ಗಿಸಿ, ಸಂದುಗಳಿಗೆ ಜೌಗಿನ ರೌಪೋ ಜೊಂಡಿನ ಒಣ ಎಲೆ ತುರುಕಿ ಕಟ್ಟಿದ ದೊಡ್ಡ ಪೀಪಾಯಿ ಅದು. ಪ್ರತಿ ವರ್ಷ ಸಂಘದ ಎಲ್ಲರೂ ಅದಕ್ಕೆ ಒಂದೊಂದು ಜಾಡಿ ಸುರಿಯುತ್ತಾರೆ. ಗೆದ್ದವರ ಕೊಟ್ಟಿಗೆಯಲ್ಲಿ ಅದು ವರ್ಷವಿಡೀ ಮಲಗುತ್ತದೆ. ಹೆಕ್ಟರ್ ತೀರಿಕೊಂಡ ಚಳಿಗಾಲದಲ್ಲಿ ಅದು ನೆವಿಲ್‌ನ ಮನೆಗೆ ಹೋಯಿತು. ಅಂದಿನಿಂದ ಪ್ರತಿ ಸಲವೂ ಅವನೇ ಗೆದ್ದ. ಅಪ್ಪನ ಪೀಪಾಯಿಯನ್ನು ಮನೆಗೆ ತರಬೇಕೆಂಬುದೊಂದೇ ಐಲ್ಸಾಳ ಹಟ. ಬೇಡಿ ತರಲು ಅವಳು ಸಿದ್ಧಳಿರಲಿಲ್ಲ.

ನೆವಿಲ್‌ನ ಗುಟ್ಟು ಎಲ್ಲರಿಗೂ ಗೊತ್ತಿದ್ದದ್ದೇ. ವಿಸ್ಕಿಯನ್ನು ಫ್ರೀಜರಿನಲ್ಲಿಟ್ಟು ಕೊರೆಯುವಂತೆ ತಣ್ಣಗಾಗಿಸಿ, ಇದ್ದಿಲಿನಲ್ಲೂ ಕಾಗದದಲ್ಲೂ ಸೋಸಿ, ಕಿಟಕಿಯ ಗಾಜಿನಂತೆ ಥಳಥಳ ಹೊಳೆಯಿಸಿ ತರುತ್ತಿದ್ದ. ಉಳಿದವರೂ ಅದನ್ನೇ ಕಲಿತರು. ಐಲ್ಸಾಳೂ ಕಲಿತಳು, ಸೋತಳು. ಈ ಬಾರಿ ಮಾತ್ರ ಖಂಡಿತವಾಗಿ ಹೇಳಿಬಿಟ್ಟಿದ್ದಳು: "ಸೋಸಲ್ಲ. ಸೋಸಿ ಸೋಸಿ ನಾವೆಲ್ಲ ಒಂದೇ ವಿಸ್ಕಿನ ಬೇರೆ ಬೇರೆ ಬಾಟಲೀಲಿ ತರ್ತಿದೀವಿ."

ನಮ್ಮ ಹೊಲದ ಬಾರ್ಲಿಯನ್ನೇ ಅವಳು ಕುರಿಗಳ ಉಣ್ಣೆ ಕತ್ತರಿಸುವ ಕೊಟ್ಟಿಗೆಯ ನೆಲದ ಮೇಲೆ ಮೊಳಕೆ ಬರಿಸಿ, ಮಾನುಕಾ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ್ದಳು. ತಾಮ್ರದ ಭಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತರೆ ಅವಳ ಮೂಗೇ ಅವಳಿಗೆ ಮಾಪಕ. ಮೊದಲು ಬರುವ ಮೂಗು ಸುಡುವ ಹನಿಗಳನ್ನು ಚೆಲ್ಲಿದಳು. ಒದ್ದೆ ನಾಯಿಯ ವಾಸನೆ ಸುಳಿಯುವ ಕೊನೆಯ ಭಾಗ ಬಂದಾಗ ಎಲ್ಲರೂ ಥಟ್ಟನೆ ನಿಲ್ಲಿಸುತ್ತಾರೆ. ಇವಳು ಅದರಂಚಿನವರೆಗೆ ಹೋಗಿ, ಒಂದಿಷ್ಟು ಎಣ್ಣೆಯ ಜಿಡ್ಡನ್ನು ಧೈರ್ಯವಾಗಿ ಒಳಗೆ ಬಿಟ್ಟುಕೊಂಡಳು. ನೆರೆಯ ಒಟಾಗೋ ಸೀಮೆಯ ಕೆಂಪು ದ್ರಾಕ್ಷಾರಸ ಕುಡಿದು ಕಪ್ಪಾಗಿದ್ದ ಪುಟ್ಟ ಪೀಪಾಯಿಯಲ್ಲಿ ಅದು ಮೂರು ಚಳಿಗಾಲ ಕಳೆದಿತ್ತು. ನಾನು ರುಚಿ ನೋಡಿದ್ದೆ. ಹೆಂಡತಿಯ ಎದುರು ಮಾತು ಸಿಗದೆ ನಿಂತದ್ದು ನನ್ನ ಬಾಳಿನಲ್ಲಿ ಎರಡೇ ಸಲ. ಮೊದಲನೆಯದು ನಮ್ಮ ಮದುವೆಯ ದಿನ.

ಮಬ್ಬಿನಡಿಯಲ್ಲೂ ಇಣುಕುತ್ತಿದ್ದ ಕೆಂಪು ಛಾಯೆಯಿಂದ ನಾವಿಬ್ಬರೂ ಗುರುತಿಸಿದ್ದ ಆ ವಿಸ್ಕಿ ಈಗ ಮಬ್ಬು ಬಡಿದು, ಕತ್ತಿನವರೆಗೆ ತುಂಬಿಕೊಂಡು, ಅನಾಥವಾಗಿ ನಿಂತಿತ್ತು. ಲೋಟಗಳು ಅದನ್ನು ಸುತ್ತು ಹಾಕಿಕೊಂಡು ಮುಂದೆ ಹೋಗುತ್ತಿದ್ದವು. ನೆವಿಲ್‌ನದೆಂದು ನಾನು ಬಣ್ಣದಿಂದಲೇ ಗುರುತಿಸಿದ್ದ ಮೂರನೆಯ ಬಾಟಲಿ ಆಗಲೇ ಅರ್ಧಕ್ಕಿಳಿದಿತ್ತು.

ನಾನು ಐಲ್ಸಾಳ ಕಿವಿಯ ಬಳಿ ಬಗ್ಗಿದೆ. "ಬೆರೆಸಿದ ನೀರಿಂದೇ ಕಿತಾಪತಿ ಇರಬೇಕು ಕಣೇ."

"ಅಲ್ಲ. ಬೆಳಿಗ್ಗೆ ಅಡುಗೆಮನೇಲಿ ಕನ್ನಡಿ ಹಾಗಿತ್ತು. ನೀನೂ ನೋಡಿದೀಯ." ಅವಳಿಗೆ ತಟ್ಟನೆ ಏನೋ ಹೊಳೆಯಿತು. "ಡೂಗಲ್, ದಾರೀಲಿ ಬಾಟಲಿ ಎಲ್ಲಿತ್ತು?"

"ಪಿಕಪ್ ಹಿಂದೆ. ಬುಟ್ಟೀಲಿ."

"ನಾಯಿ?"

"ಒಳಗೆ. ನಮ್ಮಿಬ್ಬರ ಮಧ್ಯೆ. ನಿನ್ನ ಶಾಲು ಹೊದ್ಕೊಂಡು."

ಅವಳು ಕಣ್ಣು ಮುಚ್ಚಿಕೊಂಡಳು. ಹೊರಡುವಾಗ ಅವಳೇ ಹೇಳಿದ್ದಳು: ಟಸಕ್‌ಗೆ ಪಾಪ ಕೀಲುನೋವು, ಅದು ಒಳಗೆ ಕೂತ್ಕೊಳ್ಳಲಿ, ಬಾಟಲಿಗೇನು ಚಳಿಯಾ? ದಾರಿಯುದ್ದಕ್ಕೂ ಬೇಲಿಯ ತಂತಿಗಳು ಬಿಳಿ ಹಗ್ಗಗಳಂತೆ ಹೆಪ್ಪುಗಟ್ಟಿದ್ದವು.

ಪೀಪಾಯಿಯಿಂದ ತೆಗೆದ ಗಡುಸು ವಿಸ್ಕಿಗೆ ಚಳಿಯ ಭಯವಿಲ್ಲ. ನಾವು ಮನೆಯಲ್ಲಿ ಕುಡಿಯುತ್ತಿದ್ದದ್ದೂ ಅದನ್ನೇ. ಆದರೆ ನೀರು ಬೆರೆಸಿ ನಲವತ್ತಕ್ಕೆ ಇಳಿಸಿದ ಮೇಲೆ, ರುಚಿಯನ್ನು ಹೊತ್ತ ಜಿಡ್ಡು ಚಳಿಯಲ್ಲಿ ಬಿಟ್ಟುಕೊಂಡು ಮಬ್ಬಾಗಿ ತೇಲುತ್ತದೆ. ಬೆಚ್ಚಗಾದರೆ ಮತ್ತೆ ಕರಗುತ್ತದೆ. ನೆವಿಲ್ ಕಸವೆಂದುಕೊಂಡು ಕೊರೆಯಿಸಿ ಸೋಸಿ ಎಸೆಯುತ್ತಿದ್ದದ್ದು ಇದನ್ನೇ. ಅಂದರೆ ಬಾಟಲಿಗೆ ಬೇಕಾದದ್ದು ಇಷ್ಟೇ: ಸ್ವಲ್ಪ ಶಾಖ. ಅದನ್ನು ಕೊಡಬಲ್ಲವಳಿಗೆ ಬಾಟಲಿ ಮುಟ್ಟುವ ಹಕ್ಕಿಲ್ಲ.

ಅಡುಗೆಮನೆಯಿಂದ ಚೀಸ್ ಬೇಯುವ ವಾಸನೆ ಆಗಲೇ ಬರತೊಡಗಿತ್ತು.

ಐಲ್ಸಾ ಸೊಂಟದ ಮೇಲೆ ಕೈಯಿಟ್ಟು ನರಳಿದಳು. ನೋವು ನಿಜವಾದದ್ದೇ, ನರಳಾಟ ಒಂದು ತೂಕ ಹೆಚ್ಚಾಗಿತ್ತು. "ಆಂಟಿ, ಈ ಕಿಟಕಿ ಪಕ್ಕ ನಿಂತ್ರೆ ನನ್ನ ಸೊಂಟ ಸೆಟೆದುಕೊಳ್ಳತ್ತೆ. ಮೇಜನ್ನ ಆ ಮೂಲೇಲಿರೋ ಕಟ್ಟಿಗೆ ಒಲೆ ಹತ್ರ ಎಳ್ಕೊಳ್ಳೋಣ್ವಾ? ಎಲ್ಲಾ ಬಾಟಲಿನೂ, ಸಾಲು ಕೆಡದ ಹಾಗೆ."

"ಬೆಂಕಿ ಹತ್ರ ವಿಸ್ಕಿನಾ?" ನೆವಿಲ್ ಹುಬ್ಬೇರಿಸಿದ. "ಇದೇನು ಸೂಪು ಅಂದ್ಕೊಂಡ್ಯಾ, ಐಲ್ಸಾ?"

"ನೀನು ಸುಮ್ನಿರಯ್ಯಾ," ಎಂದಳು ಆಂಟಿ ಹುಯಾ. ಕಣಿವೆಯ ಅರ್ಧ ಜನಕ್ಕೆ ಅವಳು ನಿಜವಾಗಿಯೂ ಆಂಟಿ, ಉಳಿದರ್ಧಕ್ಕೆ ಅದಕ್ಕಿಂತ ಹೆಚ್ಚು. "ನನ್ನ ಕಾಲ್ಬೆರಳು ಇದೆಯೋ ಉದುರಿಹೋಯ್ತೋ ಗೊತ್ತಾಗ್ತಿಲ್ಲ. ಎತ್ತಿ ಮೇಜನ್ನ, ಗಂಡಸರು ಅನ್ನಿಸ್ಕೊಂಡೋರೆಲ್ಲ!"

ಮೇಜು ಸರಿಯಿತು. ನಾನು ಯಾರೂ ಕೇಳದಿದ್ದರೂ ಕಬ್ಬಿಣದ ಒಲೆಯ ಬಾಯಿಗೆ ಮಾನುಕಾ ಕೊರಡುಗಳನ್ನು ತುಂಬಿದೆ. ಬೆಂಕಿ ಗುಡುಗುಡು ಎಂದಿತು. ಜನ ಕೋಟಿನ ಗುಂಡಿ ಬಿಚ್ಚಿದರು. ನಾವಿಬ್ಬರೂ ಏಳನೆಯ ಬಾಟಲಿಯೊಂದನ್ನು ಬಿಟ್ಟು ಬೇರೆಲ್ಲ ಕಡೆ ನೋಡುತ್ತ ನಿಂತೆವು.

ಓರೆಗಣ್ಣಿಗೆ ಕಂಡ ಹಾಗೆ, ಮೊದಲು ಬಾಟಲಿಯ ಒಲೆಯ ಕಡೆಯ ಅಂಚು ತಿಳಿಯಾಯಿತು. ಆಮೇಲೆ ಭುಜ. ಮಬ್ಬು ನಡುವೆ ಒಂದು ಎಳೆಯಾಗಿ ಉಳಿದು, ಅದೂ ಮಾಯವಾಯಿತು. ಕೆಂಪು ಬೆರೆತ ಹೊಂಬಣ್ಣ ಬೆಂಕಿಯ ಬೆಳಕಿನಲ್ಲಿ ಹೊತ್ತಿಕೊಂಡಿತು. ನನ್ನೆದೆ ಉಬ್ಬಿದ್ದೇ ತಡ, ನೆವಿಲ್‌ನ ಗಂಟಲು ಕೇಳಿಸಿತು.

"ನಿಲ್ಲಿ! ಯಾರೂ ಸುರ್ಕೋಬೇಡಿ. ಮಬ್ಬು ಬಾಟಲಿ ಎಲ್ಲಿ? ಇದು ಅದಲ್ಲ. ಮೇಜು ಎಳೆಯೋವಾಗ ಯಾರೋ ಬದಲಾಯಿಸಿದಾರೆ."

ತಲೆಗಳೆಲ್ಲ ಏಳನೆಯ ಬಾಟಲಿಯ ಕಡೆ ತಿರುಗಿದವು.

"ಚೀಟಿ ನನ್ನ ಕೈಬರಹದ್ದೇ ಕಣೋ," ಎಂದಳು ಆಂಟಿ.

"ಚೀಟಿ ಕಿತ್ತು ಅಂಟಿಸೋಕೆ ಎಷ್ಟು ಹೊತ್ತು ಬೇಕು, ಆಂಟಿ? ಮೋಸ ಆಗಿದ್ರೆ ಈ ವರ್ಷದ ಆಟ ರದ್ದು. ಪೀಪಾಯಿ ಇದ್ದಲ್ಲೇ ಇರುತ್ತೆ. ನಿಯಮ ನಾನು ಮಾಡಿದ್ದಲ್ಲ, ಹೆಕ್ಟರ್ ಮಾಡಿದ್ದು."

ನಾನು ಬಾಯಿ ತೆರೆದೆ. ಐಲ್ಸಾಳ ಬೂಟು ನನ್ನ ಪಾದದ ಮೇಲೆ ಬಿತ್ತು, ಅಲ್ಲೇ ಉಳಿಯಿತು. ಒಂದು ಮಾತು ಹೇಳಿದ್ದರೆ ಮೋಸದ ಕಳಂಕ ಹೋಗುತ್ತಿತ್ತು; ಅದರ ಜೊತೆಗೇ ಪೀಪಾಯಿಯೂ ಹೋಗುತ್ತಿತ್ತು. ಅಪ್ಪ ಮಾಡಿದ ನಿಯಮವನ್ನು ಮಗಳು ಹಲ್ಲು ಕಚ್ಚಿ ಕಾಯುತ್ತಿದ್ದಳು.

ಆಂಟಿ ಹುಯಾ ಕಿಟಕಿಯನ್ನು ನೋಡಿದಳು. ಒಲೆಯನ್ನು ನೋಡಿದಳು. "ಅಲ್ಲಿದ್ದಾಗ ಮಬ್ಬು," ಎಂದು ತನ್ನಷ್ಟಕ್ಕೆ ಗೊಣಗಿದಳು, "ಇಲ್ಲಿಗೆ ಬಂದ್ಮೇಲೆ ತಿಳಿ." ಎರಡು ಲೋಟ ತೆಗೆದುಕೊಂಡು ಒಂದಕ್ಕೆ ಮೂರನೆಯದನ್ನೂ ಇನ್ನೊಂದಕ್ಕೆ ಏಳನೆಯದನ್ನೂ ಸ್ವಲ್ಪ ಸುರಿದಳು. ಬಾಗಿಲು ತೆಗೆದು, ಬಿಳುಪೇರಿದ್ದ ಬೇಲಿಗಂಬದ ತಲೆಯ ಮೇಲೆ ಎರಡನ್ನೂ ಇಟ್ಟು ಬಂದು, ಕೈಕಟ್ಟಿ ಹೊಸ್ತಿಲಲ್ಲೇ ನಿಂತಳು. "ಯಾರದ್ದು ಅಂತ ನಂಗೆ ಬೇಡ. ಯಾರೂ ಬಾಯಿ ಬಿಡಬೇಡಿ. ಚಳಿನೇ ಸಾಕ್ಷಿ ಹೇಳಲಿ."

ಬಾಗಿಲಲ್ಲಿ ತಲೆಗಳು ಒತ್ತಿಕೊಂಡವು. ಮೂರನೆಯ ಬಾಟಲಿಯದು ಗಾಜಿನಂತೆಯೇ ಉಳಿಯಿತು. ಏಳನೆಯದು ಸುಮ್ಮನಿತ್ತು, ಸುಮ್ಮನಿತ್ತು. ಆಮೇಲೆ ತಳದಿಂದ ಉಸಿರೆಳೆದಂತೆ ಮೆಲ್ಲನೆ ಬೆಳ್ಳಗಾಯಿತು.

ಆಂಟಿ ಅದನ್ನು ಒಳಗೆ ತಂದು, ಎರಡೂ ಅಂಗೈಗಳ ನಡುವೆ ಹಿಡಿದು, ಒಲೆಯ ಮುಂದೆ ನಿಂತಳು. ಎಲ್ಲರ ಕಣ್ಣೆದುರೇ ಮಬ್ಬು ಕರಗಿ ಹೊಂಬಣ್ಣ ಮರಳಿತು. "ಬದಲಾಗಿರೋದು ಬಾಟಲಿ ಅಲ್ಲ ಕಣೋ ನೆವ್, ಹವಾ," ಎಂದು ಹೇಳಿ ಒಂದು ಗುಟುಕು ಕುಡಿದಳು.

ಲೋಟದೊಳಕ್ಕೆ ನೋಡಿದಳು. ಇನ್ನೊಂದು ಗುಟುಕು ಕುಡಿದಳು.

"ಆಂಟಿ?" ಯಾರೋ ಕರೆದರು.

"ಮಾತಾಡಿಸ್ಬೇಡಿ," ಎಂದಳು ಆಂಟಿ. "ನಿನ್ನ ಈ ಕುರಿ ತೊಳೆದ ನೀರು ನಂಗೆ ಇನ್ನೊಂದು ಲೋಟ ಬೇಕು, ನೆವಿಲ್."

ಆಮೇಲಿನದ್ದು ನುಗ್ಗಾಟ. ಮಾನುಕಾ ಹೊಗೆ, ಬ್ರೆಡ್ಡಿನ ಸುಟ್ಟ ಅಂಚು, ಕೆಂಪು ಪ್ಲಮ್ಮಿನ ಹುಳಿ: ಒಬ್ಬೊಬ್ಬರು ಒಂದೊಂದು ಹೇಳಿದರು. ನಮ್ಮ ಹೊಲದ ಬಾರ್ಲಿ ಅವರ ನಾಲಿಗೆಗಳ ಮೇಲೆ ಮಾತಾಡುತ್ತಿತ್ತು, ನಾನು ಮಾತಾಡದೆ ನಿಂತಿದ್ದೆ. ಅಷ್ಟು ಸುಖದ ಮೌನವನ್ನು ನಾನು ಹಿಂದೆಂದೂ ಅನುಭವಿಸಿರಲಿಲ್ಲ.

"ರೋಲ್ ಆಯ್ತು!" ಅಡುಗೆಮನೆಯಿಂದ ಕೂಗು ಬಂತು. "ಬೆಣ್ಣೆ ಸವರಿ ತಂದೆ!"

ಮೇಜಿನ ಮೇಲೆ ಮೂರನೆಯದರಲ್ಲೂ ಏಳನೆಯದರಲ್ಲೂ ತಲಾ ಒಂದೇ ಲೋಟದಷ್ಟು ಉಳಿದಿತ್ತು. ಸಮವಾದರೆ ಪೀಪಾಯಿ ಕದಲುವುದಿಲ್ಲ. ಅದೂ ಹೆಕ್ಟರನದೇ ನಿಯಮ. ಎಲ್ಲರ ಲೋಟಗಳೂ ತುಂಬಿದ್ದವು. ಬರಿದಾಗಿದ್ದದ್ದು ನೆವಿಲ್‌ನದೊಂದೇ, ಅವನು ಏಳನೆಯದರ ರುಚಿಯನ್ನು ಇನ್ನೂ ನೋಡಿರಲಿಲ್ಲ. ಲೋಟವನ್ನು ಬೋರಲು ಹಾಕಿ ಸುಮ್ಮನೆ ಕುಳಿತಿದ್ದರೆ ಅವನನ್ನು ಯಾರೂ ಏನೂ ಅನ್ನುವಂತಿರಲಿಲ್ಲ.

ಅವನು ಪಕ್ಕದವನ ಲೋಟವನ್ನು ಮೂಸಿದ. ಕಿಟಕಿಯಾಚೆ ನೋಡಿದ. ಆಮೇಲೆ ಕೈಚಾಚಿ ಏಳನೆಯ ಬಾಟಲಿಯನ್ನು ಎತ್ತಿ, ಕೊನೆಯ ಹನಿ ಬೀಳುವವರೆಗೂ ತನ್ನ ಲೋಟಕ್ಕೆ ಬಗ್ಗಿಸಿ ಹಿಡಿದ. ಕುಡಿದ. ಬಹಳ ಹೊತ್ತು ನುಂಗಲಿಲ್ಲ.

"ಇಷ್ಟು ವರ್ಷ ನಾನು ಇದನ್ನೇ ಸೋಸಿ ಬಿಸಾಡ್ತಿದ್ದೆ ಅಲ್ವಾ?" ಎಂದು ಅವನು ಯಾರನ್ನೂ ನೋಡದೆ ಕೇಳಿದ. ತಟ್ಟೆ ಮೇಜಿನ ಮೇಲೆ ಬಂತು, ಆಟ ಮುಗಿಯಿತು. "ಯಾರು ಮಾಡಿದ್ದು? ಈಗಲಾದ್ರೂ ಹೇಳಿ."

ಐಲ್ಸಾ ನನ್ನ ಪಾದದ ಮೇಲಿಂದ ಬೂಟು ತೆಗೆದಳು. "ಹೆಕ್ಟರ್ ಮಗಳು," ಎಂದಳು. ಅವಳ ಸೊಂಟ ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿ ಎಷ್ಟೋ ದಿನವಾಗಿತ್ತು.

ಬೆಳಕು ಇರುವಾಗಲೇ ನೆವಿಲ್‌ನ ಕೊಟ್ಟಿಗೆಗೆ ಹೋದೆವು. ಹರಕು ಚೀಲಗಳ ನಡುವೆ, ಧೂಳು ಹಿಡಿದು ಬಿದ್ದಿರುತ್ತದೆ ಎಂದು ನಾನು ಎಣಿಸಿದ್ದೆ. ಪೀಪಾಯಿ ತೊಟ್ಟಿಲಿನಂಥ ಮರದ ಆಸರೆಯ ಮೇಲೆ, ಶುಭ್ರವಾದ ಉಣ್ಣೆಯ ಚೀಲ ಹೊದ್ದು ಮಲಗಿತ್ತು. ಕಬ್ಬಿಣದ ಪಟ್ಟಿಗಳಿಗೆ ಎಣ್ಣೆ ಸವರಲಾಗಿತ್ತು. ಮುಂಭಾಗದ ಒಂದು ಸಂದಿನಲ್ಲಿ ಹೊಸ ರೌಪೋ ಎಲೆ ಕಾಣುತ್ತಿತ್ತು.

"ಹೋದ ಬೇಸಿಗೇಲಿ ಸೋರೋಕೆ ಶುರುವಾಯ್ತು," ಎಂದ ನೆವಿಲ್, ಟೊಪ್ಪಿಗೆ ತೆಗೆದು ಕೈಯಲ್ಲಿ ತಿರುಗಿಸುತ್ತ. "ನಿಮ್ಮಪ್ಪ ಹೇಳಿಕೊಟ್ಟ ಹಾಗೇ ತುರುಕಿದೀನಿ. ಸರಿ ಇದೆಯಾ ನೋಡು."

ಐಲ್ಸಾ ಸಂದಿನ ಮೇಲೆ ಹೆಬ್ಬೆರಳು ಎಳೆದಳು. "ಅಪ್ಪ ಆಗಿದ್ರೆ ಏನಾದ್ರೂ ತಪ್ಪು ಹುಡುಕ್ತಿದ್ದ," ಎಂದಳು. "ನಂಗೆ ಸಿಗ್ತಿಲ್ಲ, ನೆವ್."

ಹಲಗೆ ಹಾಕಿ, ಮೂವರೂ ಸೇರಿ ಪೀಪಾಯಿಯನ್ನು ಪಿಕಪ್ಪಿಗೆ ಉರುಳಿಸಿ, ಹಗ್ಗ ಬಿಗಿದೆವು. ಒಳಗೆ ಟಸಕ್ ಶಾಲಿನಲ್ಲಿ ಮುದುರಿಕೊಂಡು ಗೊರಕೆ ಹೊಡೆಯುತ್ತಿತ್ತು.

"ಹೊರಡೋಣ್ವಾ?" ಎಂದೆ. "ಪೀಪಾಯೀಲಿರೋದು ಗಡುಸು ವಿಸ್ಕಿ. ಚಳಿ ಅದಕ್ಕೇನೂ ಮಾಡಲ್ಲ."

"ಗೊತ್ತು," ಎಂದಳು ಐಲ್ಸಾ. ಬಾಗಿಲು ತೆಗೆದು, ನಾಯಿಯ ಮೈಮೇಲಿನ ಶಾಲನ್ನು ಎಳೆದುಕೊಂಡಳು. ಹಿಂದೆ ಹೋಗಿ ಅದನ್ನು ಅಪ್ಪನ ಪೀಪಾಯಿಗೆ ಸುತ್ತಿ, ಅಂಚುಗಳನ್ನು ಹಗ್ಗದ ಕೆಳಗೆ ಜೋಪಾನವಾಗಿ ಸಿಕ್ಕಿಸಿದಳು.