ಮೂವತ್ತೆಂಟನೇ ಡಾಲ್ಫಿನ್

ಸಮುದ್ರದ ಮೇಲೆ ಸಂಶೋಧನೆ ಮಾಡುವವರು ಸಮುದ್ರದ ಪಕ್ಕದಲ್ಲೇ ಇರಬೇಕು ಅಂತೇನಿಲ್ಲ. ಶುಭಾ ಅವರ ಡಾಲ್ಫಿನ್ ಸಂಸ್ಥೆ ಇರುವುದು ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ. ಕೆಳಗೆ ಹಪ್ಪಳ ಸಂಡಿಗೆಯ ಅಂಗಡಿ, ಮೇಲೆ ಎರಡು ರೂಮು. ವರ್ಷಕ್ಕೆರಡು ತಿಂಗಳು ಕಾರವಾರದ ಕಡೆ ದೋಣಿ ಹತ್ತುವುದು, ಮಿಕ್ಕ ಹತ್ತು ತಿಂಗಳು ಇಲ್ಲಿ ಕೂತು ಫೋಟೋ ನೋಡುವುದು. ಡಾಲ್ಫಿನ್ನನ್ನು ಮುಖ ನೋಡಿ ಗುರುತು ಹಿಡಿಯುವುದಿಲ್ಲ. ಬೆನ್ನ ಮೇಲಿನ ರೆಕ್ಕೆಯ ಅಂಚು ಎಲ್ಲೆಲ್ಲಿ ಹರಿದಿದೆ ಅಂತ ನೋಡುತ್ತಾರೆ. ಮನುಷ್ಯರ ಹೆಬ್ಬೆಟ್ಟಿದ್ದ ಹಾಗೆ.

ಅಲ್ಲಿಗೆ ಇಂಟರ್ನ್‌ಶಿಪ್‌ಗೆ ಬಂದವಳು ಅರೆಕೆರೆಯ ಸಮನ್ವಿತಾ, ಎಂ.ಎಸ್ಸಿ. ಎರಡನೇ ವರ್ಷ. ಓದಿನಲ್ಲಿ ಚುರುಕು, ದೋಣಿಯಲ್ಲಿ ದಂಡ. ಕಾರವಾರದ ಕೊನೆಯ ದಿನ ಶುಭಾ ದಡದಲ್ಲೇ ಉಳಿದು, ದೋಣಿಯ ಹೊಳೆಪ್ಪನ ಜೊತೆ ಇವಳೊಬ್ಬಳನ್ನೇ ಕಳಿಸಿದ್ದರು. ಅಲೆ ಎದ್ದಿತು. ಇವಳು ಬೆಳಗಿನ ಇಡ್ಲಿಯನ್ನೆಲ್ಲ ಸಮುದ್ರಕ್ಕೆ ಅರ್ಪಿಸಿ, ಟಾರ್ಪಾಲಿನ ಮೇಲೆ ಕಣ್ಣು ಮುಚ್ಚಿ ಮಲಗಿಬಿಟ್ಟಳು. ಒಂದು ಬಾಲವನ್ನೂ ನೋಡಲಿಲ್ಲ.

'ಕಾಣಲಿಲ್ಲ' ಅಂತ ಬರೆದರೂ ಅದು ಕೆಲಸವೇ ಎಂದು ಶುಭಾ ಹತ್ತು ಸಲ ಹೇಳಿದ್ದರು. ಯಾರು ಕೇಳಬೇಕು. ಖಾಲಿ ಫಾರಂ ಕೊಡಲು ಇವಳಿಗೆ ನಾಚಿಕೆ. ಕುತ್ತಿಗೆಯಲ್ಲಿದ್ದ ಕಾಲೇಜಿನ ಐಡಿ ಕಾರ್ಡಿನ ಒಂದು ಮೂಲೆಯನ್ನು ಮನೆಯ ನಾಯಿ ಕಚ್ಚಿ, ಗರಗಸದ ಹಾಗೆ ಮೂರು ಹಲ್ಲು ಮೂಡಿಸಿತ್ತು. ಅದನ್ನು ಫಾರಂ ಮೇಲಿಟ್ಟು ಮೂಲೆಯ ಸುತ್ತ ಪೆನ್ಸಿಲ್ ಎಳೆದಳು. ಆಯಿತು ರೆಕ್ಕೆ. ಹಿಂದೆ ಯಾರೂ ನೋಡಿರದ ಡಾಲ್ಫಿನ್, ನಂಬರು ಮೂವತ್ತೆಂಟು.

ಮೂರು ವಾರ ಕಳೆದು ಒಂದು ಗುರುವಾರ ಬೆಳಿಗ್ಗೆ ಶುಭಾ ಹೇಳಿದರು, "ಇವತ್ತು ನಾಲ್ಕು ಗಂಟೆಗೆ ಈ ವರ್ಷದ ಲೆಕ್ಕ ಕಳಿಸ್ಬೇಕು ಕಣೇ. ನಿನ್ನ ಮೂವತ್ತೆಂಟೂ ಹೋಗುತ್ತೆ. ಫಾರಂ ಮೇಲೆ ಸೈನ್ ಮಾಡಿಡು."

ಸಮನ್ವಿತಾ ಫೈಲಿನ ಕಡೆ ನೋಡಿದಳು. ನಿಜ ಹೇಳಿದರೆ ಸರ್ಟಿಫಿಕೇಟಿಗೆ ಕಲ್ಲು ಬೀಳುತ್ತದೆ. ಹೇಳದಿದ್ದರೆ ಇಲ್ಲದ ಪ್ರಾಣಿಯೊಂದು ಇವಳ ಸಹಿಯ ಮೇಲೆ ಲೆಕ್ಕ ಸೇರುತ್ತದೆ. ಹೇಳಿಬಿಡೋಣ ಎಂದು ಎದ್ದಳು. ಅಷ್ಟರಲ್ಲಿ ಮೊಬೈಲಿಗೆ ಹೊಳೆಪ್ಪ ಕಳಿಸಿದ ಫೋಟೋ ಬಂತು. ಬೂದಿ ಬಣ್ಣದ ನೀರು, ಮೇಲೆ ಒಂದು ರೆಕ್ಕೆ, ರೆಕ್ಕೆಯಲ್ಲಿ ಮೂರು ಹಲ್ಲು. ಫೋಟೋ ದೊಡ್ಡದು ಮಾಡಿ ಐಡಿ ಕಾರ್ಡನ್ನು ಅದರ ಮೇಲಿಟ್ಟಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಲಿಲ್ಲ.

ಬಾಲ್ಕನಿಗೆ ಹೋಗಿ ಫೋನ್ ಮಾಡಿದಳು. "ಅಣ್ಣಾ, ಇದು ಯಾವಾಗ್ ತೆಗ್ದಿದ್ದು?"

"ಈಗ್ಲೇ ತಂಗಿ. ಇಲ್ಲೇ ದೋಣಿ ಪಕ್ಕಕ್ಕೆ ಅದೆ. ನಾಕ್ ದಿನದಿಂದ ಬತ್ತಾ ಅದೆ. ನೀ ವಾಂತಿ ಮಾಡ್ಕಂಡು ಮಲಗಿದ್ಯಲ್ಲ, ಆ ಬದಿಗೇ." ಹೊಳೆಪ್ಪ ತಮಾಷೆಯ ಮನುಷ್ಯ. ಇವತ್ತು ದನಿಯಲ್ಲಿ ನಗುವಿರಲಿಲ್ಲ. "ಡಾಲ್ಫಿನ್ ಮೇಲ್ ಬಂದ್ರೆ ಫುಸ್ ಅಂತ ಉಸ್ರು ಬಿಡ್ತದೆ, ಗೊತ್ತಲ್ಲ. ಇದು ಬಿಡೂದಿಲ್ಲ. ಮೇಲ್ ಬತ್ತದೆ, ತಲೆ ಮೇಲಿನ ತೂತು ಮುಚ್ಕಂಡೇ ಇರ್ತದೆ. ನಮ್ಮನ್ನ ನೋಡ್ತದೆ, ಮುಳುಗ್ತದೆ. ಒದ್ದಾಡ್ತಾ ಅದೆ ತಂಗಿ."

ಫೋನ್ ಕಿವಿಯಲ್ಲಿಟ್ಟುಕೊಂಡೇ ಒಳಗೆ ಬಂದು ಫೈಲ್ ತೆಗೆದಳು. ಜಾಗ, ಹೊತ್ತು, ನೀರಿನ ಆಳ, ಎಲ್ಲ ಕಡೆಯೂ ಸುಳ್ಳನ್ನು ನೀಟಾಗಿ ತುಂಬಿದ್ದಳು. ಒಂದೇ ಒಂದು ಕಡೆ ಏನೂ ತೋಚದೆ ಬಿಟ್ಟಿದ್ದಳು: ಎರಡು ಉಸಿರಿನ ನಡುವೆ ಎಷ್ಟು ಸೆಕೆಂಡು?

ಕೆಳಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ಸಂಡಿಗೆ ಕರಿದ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಇವಳು ಪೆನ್ನು ತೆಗೆದಳು. ಬರೆದರೆ ಸುಳ್ಳಿನ ಮೇಲೆ ಇನ್ನೊಂದು ಸುಳ್ಳು. ಬರೆಯದಿದ್ದರೆ ಅದು ಅಲ್ಲಿ ಒದ್ದಾಡುತ್ತಲೇ ಇರುತ್ತದೆ.

ನಲವತ್ತು ಎಂದು ಬರೆದಳು.

ಫೋನಿನಲ್ಲಿ ಫುಸ್ ಎಂದು ಕೇಳಿಸಿತು.

"ದೇವ್ರೇ, ಬಿಡ್ತು," ಎಂದ ಹೊಳೆಪ್ಪ. "ಮುಖಕ್ಕೆಲ್ಲ ಹಾರ್ತು ತಂಗಿ."

ಅವಳು ಫಾರಂ ತೆಗೆದುಕೊಂಡು ನೆಟ್ಟಗೆ ಶುಭಾ ಅವರ ಮೇಜಿಗೆ ಹೋದಳು. "ಮೇಡಂ, ಇದನ್ನ ನಾನು ನೋಡ್ಲೇ ಇಲ್ಲ. ಸುಳ್ಳು ಬರ್ದೆ." ನಾಯಿ, ಕಾರ್ಡು, ನಲವತ್ತು, ಒಂದೂ ಬಿಡದೆ ಹೇಳಿದಳು.

ಶುಭಾ ಕನ್ನಡಕ ತೆಗೆದರು. "ಹದಿನೈದು ವರ್ಷದ ಕೆಲ್ಸ ಇದು. ನಿನಗೆ ಕಾಲೇಜ್ ರೆಕಾರ್ಡ್ ಬುಕ್ ಥರ ಕಾಣ್ಸ್ತಾ? ಬ್ಯಾಗ್ ತಗೋ. ನಿನ್ನ ಇಂಟರ್ನ್‌ಶಿಪ್ ಇವತ್ತಿಗೆ ಮುಗೀತು." ಸ್ಕೇಲನ್ನು ಫಾರಂ ಮೇಲೆ ಅಡ್ಡ ಇಟ್ಟು ಕೆಂಪು ಪೆನ್ನಿನ ಕ್ಯಾಪ್ ತೆಗೆದರು.

"ಗೀಟು ಹೊಡೀರಿ ಮೇಡಂ. ಅದಕ್ ಮುಂಚೆ ಒಂದ್ಸಲ ಕೇಳಿಸ್ಕೊಳ್ಳಿ." ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟಳು.

ದೋಣಿಗೆ ನೀರು ಬಡಿಯುವ ಸದ್ದು. ಫುಸ್. ಶುಭಾ ಗೋಡೆಯ ಗಡಿಯಾರ ನೋಡಿದರು. ನಲವತ್ತು ಸೆಕೆಂಡಿಗೆ ಮತ್ತೆ ಫುಸ್. ಮತ್ತೆ ನಲವತ್ತು. ಹೀಗೇ ಒಂಬತ್ತು ಸಲ. ಗಡಿಯಾರ ಇಟ್ಟುಕೊಂಡು ಉಸಿರಾಡುವ ಪ್ರಾಣಿ ಯಾವುದೂ ಇಲ್ಲ ಎನ್ನುವುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಕೆಂಪು ಪೆನ್ನು ಕಾಗದದಿಂದ ಒಂದು ಬೆರಳು ಮೇಲೆ ನಿಂತೇ ಇತ್ತು. ಆಮೇಲೆ ಕ್ಯಾಪ್ ಮುಚ್ಚಿದರು.

ನಾಲ್ಕು ಗಂಟೆಗೆ ಲೆಕ್ಕ ಹೋಯಿತು, ಮೂವತ್ತೇಳು ಅಂತ. ಆ ಫಾರಮ್ಮನ್ನು ಮಾತ್ರ ಹೊಡೆದೂ ಹಾಕಲಿಲ್ಲ, ಹರಿದೂ ಹಾಕಲಿಲ್ಲ. ಬೀರುವಿನಲ್ಲಿಡುವ ಮುಂಚೆ ಶುಭಾ ಇನ್ನೊಂದು ಸಲ ಓದಿದರು.

"ಜೊತೇಲಿ ಎಷ್ಟಿದ್ವು ಅನ್ನೋ ಕಡೆ ಸೊನ್ನೆ ಬರ್ದಿದೀಯ," ಎಂದರು. ಬೈಗುಳದ ದನಿ ಹೋಗಿತ್ತು. "ಇವು ಒಂಟಿಯಾಗಿ ಇರೋವಲ್ಲ ಕಣೇ."

ಇನ್ನೂ ಹೋಗದೆ ಬ್ಯಾಗ್ ಹೆಗಲಿಗೇರಿಸಿ ನಿಂತಿದ್ದ ಸಮನ್ವಿತಾ, ಆ ಸೊನ್ನೆಯನ್ನು ತಿದ್ದಲೇ ಎನ್ನುವಂತೆ ಮೇಜಿನ ಮೇಲಿದ್ದ ಪೆನ್ನಿನ ಕಡೆ ನೋಡಿದಳು. ಶುಭಾ ಅದನ್ನು ಎತ್ತಿ ತಮ್ಮ ಮುಷ್ಟಿಯಲ್ಲಿಟ್ಟುಕೊಂಡರು.